ಗೌರವ ಫೆಲೋಗೆ ಎರಡು ನಿಮಿಷ

ಕೋಟಿನ ಎಡತೋಳು ಹೇಗೋ ತೂರಿತು. ಬಲತೋಳು ಮಾತ್ರ ಒಪ್ಪಲಿಲ್ಲ. ಅಪ್ಪನ ಮೊಣಕೈ ಸೆಟೆದುಕೊಂಡಿತ್ತು. ಮಗಳು ಒಂದು ಕಡೆ ಹಿಡಿದಳು, ಅಮ್ಮ ಇನ್ನೊಂದು ಕಡೆ ಎಳೆದರು, ಹೊಲಿಗೆ ಪರ್ರೆಂದಿತು.

"ಬದುಕಿದ್ದಾಗಲೂ ಹೀಗೇ. ಹೇಳಿದ್ದು ಕೇಳಿದ ಜನ್ಮ ಅಲ್ಲ," ಎಂದು ಅಮ್ಮ ಬಿಚ್ಚಿದ ಹೊಲಿಗೆಯನ್ನು ಬೆನ್ನಡಿಗೆ ಮಡಿಸಿ ಮರೆಮಾಡಿದರು.

ಕೋಟು ತೊಡಿಸಲೇಬೇಕಿತ್ತು. ಅದರ ಎದೆಗೆ ಪದಕ ಸಿಕ್ಕಿಸಲು ಜನ ಬರುವವರಿದ್ದರು. ಬಡವರ ಕೇಸುಗಳನ್ನು ಪುಕ್ಕಟೆ ನಡೆಸಿಕೊಡುವ ದತ್ತಿಸಂಸ್ಥೆಯೊಂದು, ತನ್ನ ಬೆನ್ನಿಗೆ ನಿಂತ ವಕೀಲರಿಗೆ ವರ್ಷಕ್ಕೊಮ್ಮೆ 'ಗೌರವ ಫೆಲೋ' ಎಂಬ ಬಿರುದು ಕೊಡುತ್ತಿತ್ತು. ಅಪ್ಪ ಅಲ್ಲಿ ಶನಿವಾರ ಶನಿವಾರ ಕೂತೇ ತಲೆ ನರೆಸಿಕೊಂಡವರು. ಕೋರ್ಟಿನಲ್ಲಿ ಅವರ ಹೆಸರೇ ಶನಿವಾರದ ವಕೀಲರು. ಅವರು ಎದ್ದು ನಿಂತರೆ ಎದುರು ಪಾರ್ಟಿಗೆ ಶನಿ ಹೆಗಲೇರಿದ ಹಾಗೆ ಎಂದು ವಕೀಲರ ಕೋಣೆಯಲ್ಲಿ ನಗುತ್ತಿದ್ದರು. ಏಳು ಕಡಲಾಚೆಯ ಗಿಳಿಯೊಳಗೆ ಪ್ರಾಣ ಬಚ್ಚಿಟ್ಟ ಕತೆಯ ರಾಕ್ಷಸನಂತೆ ಅಪ್ಪ ತಮ್ಮ ಪ್ರಾಣವನ್ನು ವಾರದ ಆ ಒಂದು ದಿನದಲ್ಲಿ ಇಟ್ಟಿದ್ದರು. ಉಳಿದ ದಿನಗಳಲ್ಲಿ ಬರಿಯ ಮೈ ಓಡಾಡುತ್ತಿತ್ತು. ಬಿರುದು ಮಾತ್ರ ಅವರ ಕಡೆ ತಲೆಹಾಕಿರಲಿಲ್ಲ. ಈಗ, ಕೈ ಚಾಚಿ ತೆಗೆದುಕೊಳ್ಳಲಾರದ ದಿನ, ಬಾಗಿಲಿಗೇ ಬಂದಿತ್ತು.

ಸಂಸ್ಥೆಯ ಕಾರ್ಯದರ್ಶಿ ಪದಕ ಸಿಕ್ಕಿಸುವಾಗ ಅತ್ತರು. ಅದು ನಿಜವಾದ ಅಳುವೇ. ಆಮೇಲೆ ಮೂಗೊರೆಸಿಕೊಂಡು ಇನ್ನೊಂದು ಸುದ್ದಿ ಹೇಳಿದರು: ಹೊಸ ಫೆಲೋ ಗೌರವಾರ್ಥ ಮಧ್ಯಾಹ್ನ ಕೋರ್ಟು ಮುಚ್ಚುತ್ತದೆ. ಊಟದ ವಿರಾಮವಾದ ಮೇಲೆ ಎರಡು ನಿಮಿಷ ಮೌನ, ಅಲ್ಲಿಂದ ವಕೀಲರೆಲ್ಲ ನೇರವಾಗಿ ಇಲ್ಲಿಗೆ. ನ್ಯಾಯಾಧೀಶರನ್ನು ಒಪ್ಪಿಸಿದ್ದು ತಾವೇ. ಅಲ್ಲಿಯವರೆಗೆ ದೇಹ ಎತ್ತಬಾರದು.

ರಾತ್ರಿಯಿಂದ ಒಂದು ಹನಿ ಕಣ್ಣೀರು ಹಾಕದಿದ್ದ ಅಮ್ಮ ಆಗ ಅತ್ತರು.

"ಎಲ್ಲಾ ಕೇಸೂ ಮುಂದಕ್ಕಾ?" ಮಗಳು ಕೇಳಿದಳು.

"ಎಲ್ಲಾನೂ ಕಣಮ್ಮ," ಎಂದರು ಕಾರ್ಯದರ್ಶಿ. "ಅದೇ ಅಲ್ವಾ ಗೌರವ."

ಮಗಳು ಬಾಗಿಲ ಕಡೆ ನೋಡಿದಳು. ಚಪ್ಪಲಿ ರಾಶಿಯ ಪಕ್ಕ ಇಸ್ತ್ರಿಯಮ್ಮ ನಿಂತಿದ್ದಳು. ಪಕ್ಕದ ಕಟ್ಟಡದ ಮಹಡಿ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಅವಳ ಇಸ್ತ್ರಿ ಅಂಗಡಿ. ಕಟ್ಟಡದ ಮಾಲೀಕ ಅವಳನ್ನು ಎಬ್ಬಿಸಲು ನೋಡುತ್ತಿದ್ದ. ಅಪ್ಪ ತಡೆಯಾಜ್ಞೆ ತಂದಿದ್ದರು. ಅದರ ಅವಧಿ ಇವತ್ತಿಗೆ ಮುಗಿಯುತ್ತಿತ್ತು. ಇವತ್ತು ಮಧ್ಯಾಹ್ನ ಕೇಳಿ ಮುಂದುವರಿಸಿಕೊಳ್ಳದಿದ್ದರೆ ನಾಳೆ ಬೆಳಿಗ್ಗೆ ಬೀಗ. ಮಾಲೀಕನ ವಕೀಲರು ಬೇರೆ ಯಾರೂ ಅಲ್ಲ, ಈಗಷ್ಟೇ ಅತ್ತ ಕಾರ್ಯದರ್ಶಿಗಳೇ.

ಮಗಳು ಕಾರ್ಯದರ್ಶಿಗಳನ್ನು ಬಾಗಿಲಾಚೆಗೆ ಕರೆದುಕೊಂಡು ಹೋದಳು. ಅಪ್ಪನ ಕೈಕೆಳಗೆ ವಕೀಲಿಕೆ ಮಾಡುತ್ತಿದ್ದವಳು ಅವಳೇ. ಹುಟ್ಟಿದಾಗಿನಿಂದ ಇವರನ್ನು ಅಂಕಲ್ ಎಂದೇ ಕರೆದವಳು.

"ಅಂಕಲ್, ಮುಂದಿನ ತಾರೀಖಿನವರೆಗೂ ಅಂಗಡಿ ಮುಟ್ಟಲ್ಲ ಅಂತ ನೀವು ಒಂದು ಮಾತು ಕೊಡಿ. ಸಾಕು."

"ಇವತ್ತು ಆ ಮಾತು ಬೇಕಾ ಮಗಳೇ?"

"ನಾಳೆ ಬೀಗ ಬಿದ್ದ ಮೇಲೆ ಆಡಿದ್ರೆ ಏನು ಬಂತು?"

"ಕಕ್ಷಿದಾರರನ್ನ ಕೇಳಬೇಕಲ್ಲಮ್ಮ."

"ಕೇಳಿ."

"ಸಾವಿನ ಮನೇಲಿ ನಿಂತು ಫೋನ್ ಮಾಡಲಾ? ನಿಮ್ಮಪ್ಪನ ಮರ್ಯಾದೆನಾದ್ರೂ ನೋಡು."

ಅಂಗಳದಲ್ಲಿ ಇನ್ನೂ ಕೆಲವು ಫೆಲೋಗಳು ಪದಕ ಧರಿಸಿ ನಿಂತಿದ್ದರು. ಇದೊಂದು ಕೇಸನ್ನಾದರೂ ತೆಗೆದುಕೊಳ್ಳಿ ಎಂದು ನ್ಯಾಯಾಧೀಶರಿಗೆ ಹೇಳಿ ಅಂತ ಅವಳು ಅವರನ್ನು ಕೇಳಿಕೊಂಡಳು. ಒಬ್ಬರು ನಿರ್ಣಯ ಆಗಿಹೋಗಿದೆ ಎಂದರು. ಒಬ್ಬರು ತಮ್ಮ ಬೂಟು ನೋಡಿಕೊಂಡರು. ಮತ್ತೊಬ್ಬರು ಅವಳ ಕೈ ಹಿಡಿದು, ನಿಮ್ಮಪ್ಪನಂಥವರು ಇನ್ನು ಹುಟ್ಟಲ್ಲ ಎಂದರು. ಬಾಯಿಮಾತಿಗೇನೂ ಬರಗಾಲವಿರಲಿಲ್ಲ.

*

ಬಿರುದಿಗೆ ಅರ್ಜಿ ಹಾಕಿಕೊಳ್ಳಬೇಕಿತ್ತು. ನಾನು ಇಷ್ಟು ಮಾಡಿದೆ ಎಂದು ತಾವೇ ಬರೆದುಕೊಡಬೇಕು. "ನಾನೇ ವಾದಿ, ನಾನೇ ಸಾಕ್ಷಿ. ಪಾಟೀಸವಾಲು ಯಾರು ಮಾಡ್ತಾರೆ, ನಿಮ್ಮಮ್ಮನಾ?" ಎಂದು ಅಪ್ಪ ನಗುತ್ತಿದ್ದರು. ಆದರೆ ಒಂದು ವರ್ಷ ಯಾರೋ ಕಿವಿಯಲ್ಲಿ ಉಸುರಿದರು, ಅರ್ಜಿ ಇಲ್ಲದಿದ್ದರೂ ಈ ಸಲ ನಿಮಗೇ ಅಂತೆ. ಅಪ್ಪ ಕ್ಷೌರ ಮಾಡಿಸಿಕೊಂಡರು. ಬೂಟಿಗೆ ತಾವೇ ಪಾಲಿಶ್ ಹಾಕಿದರು. ವಾರ್ಷಿಕ ಔತಣದಲ್ಲಿ ಮುಂದಿನ ಸಾಲಿನಲ್ಲಿ ಕೂತರು. ಕರೆದ ಹೆಸರು ಸಂಸ್ಥೆಗೆ ಕಟ್ಟಡ ಕೊಟ್ಟವರದು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅಪ್ಪ.

ಮನೆಗೆ ಬಂದು, ಅಲ್ಲಿ ಊಟ ಸರಿ ಇರಲಿಲ್ಲ ಎಂದು ಇನ್ನೊಮ್ಮೆ ಅನ್ನ ಹಾಕಿಸಿಕೊಂಡರು. ಕೈತೊಳೆಯಲು ಬಚ್ಚಲಿಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಮಗಳು ಬಾಗಿಲ ಹತ್ತಿರ ಹೋದಳು. ಒಳಗೆ ನಲ್ಲಿ ಬಿಟ್ಟುಕೊಂಡು ಅಪ್ಪ ವಂದನೆ ಹೇಳುತ್ತಿದ್ದರು, ಸಣ್ಣ ದನಿಯಲ್ಲಿ: ಮಾನ್ಯ ಅಧ್ಯಕ್ಷರೇ, ನನ್ನ ಸಹೋದ್ಯೋಗಿಗಳೇ. ಸಿದ್ಧಮಾಡಿಕೊಂಡಿದ್ದಷ್ಟನ್ನೂ ಕೊನೆಯವರೆಗೆ ಹೇಳಿ ಮುಗಿಸಿ ನಲ್ಲಿ ನಿಲ್ಲಿಸಿದರು.

*

"ಅಮ್ಮ, ನಾನು ಕೋರ್ಟಿಗೆ ಹೋಗಿ ಬರ್ತೀನಿ."

"ಹೋಗು. ಮನೆಯಿಂದ ಒಬ್ಬರಾದ್ರೂ ಅಲ್ಲಿ ನಿಲ್ಲಬೇಕು."

"ಸುಮ್ಮನೆ ನಿಲ್ಲೋಕೆ ಹೋಗ್ತಿಲ್ಲ."

ಅಮ್ಮ ಅವಳ ಮುಖ ನೋಡಿದರು, ಬಾಗಿಲಲ್ಲಿದ್ದ ಇಸ್ತ್ರಿಯಮ್ಮನನ್ನು ನೋಡಿದರು. ಅರ್ಥವಾಯಿತು.

"ಆಯಸ್ಸಿಡೀ ಅವರು ಬಾಯಿ ನೋಯಿಸ್ಕೊಂಡ್ರು. ಇವತ್ತೊಂದು ದಿನ ಕೋರ್ಟು ಅವರಿಗೋಸ್ಕರ ಬಾಯಿ ಮುಚ್ಚುತ್ತೆ. ಅದನ್ನೂ ಕೆಡಿಸ್ತೀಯಾ?"

"ಅಪ್ಪ ಇದ್ದಿದ್ರೆ..."

"ಅವರಿದ್ದಿದ್ರೆ ಒಂದು ಮೂಲೇಲಿ ನಿಂತು ಆ ಮೌನ ಪೂರ್ತಿ ಕೇಳಿಸ್ಕೊಳ್ತಿದ್ರು. ನಂಗೊತ್ತು. ನಿಂಗೆ ಗೊತ್ತಿಲ್ಲ."

ಬಚ್ಚಲಿನ ಬಾಗಿಲಿಗೆ ಕಿವಿಯಿಟ್ಟವಳಿಗೆ ಅಮ್ಮ ಹೇಳಿದ್ದು ನಿಜವೆಂದು ಗೊತ್ತಿತ್ತು. ಆದರೂ ತನ್ನ ಕಪ್ಪು ಕೋಟು ಹಾಕಿಕೊಂಡಳು. ಅಪ್ಪನ ಮುಂದೆ ಒಂದು ಕ್ಷಣ ನಿಂತು, ಓರೆಯಾಗಿದ್ದ ಪದಕವನ್ನು ನೆಟ್ಟಗೆ ಮಾಡಿ, ಇಸ್ತ್ರಿಯಮ್ಮನನ್ನು ಕರೆದುಕೊಂಡು ಹೊರಟಳು.

ಕೋರ್ಟಿನಲ್ಲಿ ಗುಮಾಸ್ತ ಅವಳನ್ನು ನೋಡಿ ಕೈಮುಗಿದ. ಅರ್ಜಿ ಚಾಚಿದಾಗ ಕೈ ಹಿಂದಕ್ಕೆ ಎಳೆದುಕೊಂಡ. ಮೌನ ಮುಗಿದ ಕೂಡಲೇ ಸಾಹೇಬರು ಒಳಕ್ಕೆ ಹೋಗಿಬಿಡುತ್ತಾರೆ, ಇವತ್ತು ಏನೂ ತಗೊಳ್ಳುವ ಹಾಗಿಲ್ಲ, ಅದೂ ನಿಮ್ಮ ತಂದೆಯವರಿಗೋಸ್ಕರವೇ ಎಂದ. ಅಂದರೆ ಆ ಎರಡು ನಿಮಿಷವಲ್ಲದೆ ಬೇರೆ ಹೊತ್ತೇ ಇರಲಿಲ್ಲ.

ನ್ಯಾಯಾಧೀಶರು ಬಂದರು. ಕೂರಲಿಲ್ಲ. ಕಾರ್ಯದರ್ಶಿಗಳು ಅಪ್ಪನ ಹೆಸರು ಹೇಳಿ, ಅದರ ಹಿಂದೆ ಮೊದಲ ಬಾರಿಗೆ ಗೌರವ ಫೆಲೋ ಎಂದು ಸೇರಿಸಿ, ತಲೆ ತಗ್ಗಿಸಿದರು. ತುಂಬಿದ ಕೋರ್ಟು ತಲೆ ತಗ್ಗಿಸಿತು. ಫ್ಯಾನು ಕಿರುಗುಟ್ಟಿತು. ಹಿಂದೆ ಯಾರೋ ಕೆಮ್ಮು ನುಂಗಿದರು. ಎಷ್ಟು ಚೆಂದದ ಮೌನ ಅನ್ನಿಸಿತು ಅವಳಿಗೆ. ಇದನ್ನು ಅಪ್ಪನಿಗೆ ಪೂರ್ತಿ ಕೊಟ್ಟುಬಿಡೋಣ ಅನ್ನಿಸಿತು. ಪಕ್ಕದಲ್ಲಿ ಇಸ್ತ್ರಿಯಮ್ಮ ಉಸಿರೂ ಬಿಡದೆ ನಿಂತಿದ್ದಳು.

"ಸ್ವಾಮಿ," ಎಂದಳು ಮಗಳು. ಮತ್ತೆ ಹೇಳಿದಳು, "ಸ್ವಾಮಿ, ತುರ್ತು ಅರ್ಜಿಯೊಂದಿದೆ."

ತಲೆಗಳು ಒಂದೊಂದಾಗಿ ಎದ್ದವು. ಕಾರ್ಯದರ್ಶಿಗಳು ಕಣ್ಣಲ್ಲೇ ಗದರಿದರು. ಅವಳು ನಿಲ್ಲಿಸಲಿಲ್ಲ, ಮೆಟ್ಟಿಲ ಕೆಳಗಿನ ಅಂಗಡಿ, ಇವತ್ತಿಗೆ ಮುಗಿಯುವ ತಡೆಯಾಜ್ಞೆ, ನಾಳೆ ಬೀಳುವ ಬೀಗ, ಒಂದೇ ಉಸಿರಿಗೆ ಹೇಳುತ್ತಾ ಹೋದಳು. ಯಾರದೋ ಬಾಯಿಂದ ಥೂ ಎಂಬ ಸದ್ದು ಬಂತು.

ನ್ಯಾಯಾಧೀಶರು ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ಆಮೇಲೆ ಗೋಡೆ ಗಡಿಯಾರ ನೋಡಿದರು, ಅವಳನ್ನು ನೋಡಿದರು. ಕುರ್ಚಿ ಎಳೆದುಕೊಂಡು ಕೂತು, ಪೆನ್ನಿನ ಮುಚ್ಚಳ ತೆಗೆದು, ಅರ್ಜಿಗೆ ಕೈ ಚಾಚಿದರು.

ಮೌನ ಮುಗಿಯಿತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಫೆಲೋಗಳು, ಗುಮಾಸ್ತ, ಇಡೀ ಕೋರ್ಟು, ಅರ್ಧ ತಗ್ಗಿಸಿದ ತಲೆಯಲ್ಲಿ ನಿಂತೇ ಇತ್ತು. ಇಸ್ತ್ರಿಯಮ್ಮ ನ್ಯಾಯಾಧೀಶರನ್ನು ಒಮ್ಮೆ ನೋಡಿದಳು, ಸುತ್ತ ಒಮ್ಮೆ ನೋಡಿದಳು. ನಂತರ ವಕೀಲರ ಸಾಲಿನ ಮೊದಲ ಕುರ್ಚಿಯಲ್ಲಿ, ಎರಡೂ ಕೈ ಮೊಣಕಾಲ ಮೇಲಿಟ್ಟು, ಕೂತಳು.