ಎಡಗಡೆ ನಿಂದು, ಬಲಗಡೆ ನಂದು

ದಪ್ಪ ಮೈಯ ಗೆಳೆಯ ಮೂಟೆ ಎದ್ದುಹೋದ ಹಾಸಿಗೆಯಲ್ಲಿ ಮಲಗುವುದೆಂದರೆ ಸಣಕಲು ಕಡ್ಡಿಗೆ ದಿನವೂ ಶಿಕ್ಷೆ. ಲಾರಿಯ ಸೀಟಿನ ಹಿಂದೆ ಇರುವುದೇ ಒಂದು ಹಲಗೆಯಷ್ಟು ಜಾಗ. ಐದೈದು ಗಂಟೆ ಒಬ್ಬ ಓಡಿಸಬೇಕು, ಇನ್ನೊಬ್ಬ ಅಲ್ಲಿ ಮಲಗಬೇಕು. ಆ ದಿನ ಬೆಳಿಗ್ಗೆ ಪೆಟ್ರೋಲ್ ಬಂಕಿನಲ್ಲಿ ಲಾರಿ ನಿಲ್ಲಿಸಿ ಹಿಂದೆ ತಿರುಗಿದರೆ, ಅರ್ಧ ತಿಂದ ಬೇಯಿಸಿದ ಮೊಟ್ಟೆ ದಿಂಬಿನ ಮೇಲೆ ಜಜ್ಜಿಹೋಗಿತ್ತು. ಪಕ್ಕದಲ್ಲಿ ಮೂರು ದಿನದ ಕಾಲುಚೀಲ. ಎಡಬಾಗಿಲ ಸಂದಿಯಲ್ಲಿ ಮೂಟೆ ಉಚ್ಚೆ ಹೊಯ್ದಿಟ್ಟ ಬಾಟಲಿ, ಅದರ ಮುಚ್ಚಳವೂ ಸಡಿಲ.

ಹಂದಿಯಾದರೂ ಇದಕ್ಕಿಂತ ಚೊಕ್ಕಟವಾಗಿರುತ್ತದೆ ಎಂದು ಕಡ್ಡಿ ಬೈದ. ಮೂಟೆ ಬಾಯಿತುಂಬ ಆಕಳಿಸಿ, ಹೊಟ್ಟೆ ಕೆರೆದುಕೊಂಡು, "ಎಡಗಡೆ ನಂದಲ್ವೇನೋ? ನೀನೇ ತಾನೇ ಭಾಗ ಮಾಡಿದ್ದು?" ಎಂದ.

ಅದು ನಿಜವೇ. ಒಂದೇ ಬೆಂಚಿನಲ್ಲಿ ಕೂತು ಓದಿ ಅಲ್ಲೇ ಈ ಅಡ್ಡಹೆಸರು ಪಡೆದವರು, ಓದು ತಲೆಗೆ ಹತ್ತದೆ ಒಟ್ಟಿಗೇ ಸ್ಟೀರಿಂಗ್ ಕಲಿತವರು, ಮೂರು ವರ್ಷದ ಹಿಂದೆ ಪಾಲಿನಲ್ಲಿ ಈ ಹತ್ತು ಚಕ್ರದ ಲಾರಿ ಕೊಂಡಿದ್ದರು. ಮೊದಲ ವರ್ಷ ಎಲ್ಲ ಖರ್ಚೂ ಒಂದೇ ದುಡ್ಡಿನ ಡಬ್ಬಿಯಿಂದ ನಡೆಯಿತು. ಆಮೇಲೆ ಯಾರು ತೊಳೆದರು, ಯಾರು ಗ್ರೀಸು ಹಾಕಿದರು, ಯಾರು ಹೆಚ್ಚು ತಿಂದರು ಎಂದು ಕಿತ್ತಾಟ ಶುರುವಾಯಿತು. ಕಡ್ಡಿ ಅಚ್ಚುಕಟ್ಟಿನ ಮನುಷ್ಯ. ಲಾರಿಯನ್ನು ಉದ್ದಕ್ಕೆ ಸೀಳಿದಂತೆ ಎರಡು ಮಾಡಿಬಿಟ್ಟ. ಬಲಗಡೆಯ ಐದು ಟೈರು, ಬಾಗಿಲು, ದೀಪ, ಕನ್ನಡಿ ತನ್ನದು, ಎಡಗಡೆಯದ್ದೆಲ್ಲ ಮೂಟೆಯದು. ತೊಳೆಯುವುದೂ ಅವರವರೇ, ರಿಪೇರಿಯ ಖರ್ಚೂ ಅವರವರದ್ದೇ. ಇದನ್ನು ಕೇಳಿದ ಮೆಕ್ಯಾನಿಕ್ ಬಿದ್ದುಬಿದ್ದು ನಕ್ಕಿದ್ದ. ಅಂದಿನಿಂದ ಮುಂದಿನ ಗಾಜು ಬಲಕ್ಕೆ ಫಳಫಳ, ಎಡಕ್ಕೆ ಸತ್ತ ಹುಳುಗಳ ಲೋಳೆ. ಕಡ್ಡಿ ಗಾಜು ಒರೆಸುವಾಗ ಸರಿಯಾಗಿ ಮಧ್ಯಕ್ಕೆ ಬಂದು ಕೈ ನಿಲ್ಲಿಸುತ್ತಿದ್ದ.

ಆ ಬೆಳಿಗ್ಗೆ ಬಂಕಿನಲ್ಲಿ ಕಡ್ಡಿ ಮುಖ ತೊಳೆಯಲು ಇಳಿದು ಲಾರಿಯ ಸುತ್ತ ಒಂದು ಸುತ್ತು ಹಾಕಿದ. ಎಡಗಡೆ ಹಿಂದಿನ ಹೊರಬದಿಯ ಟೈರಿನ ಪಕ್ಕೆ ಬಾವು ಬಂದಂತೆ ಉಬ್ಬಿತ್ತು. ಬಿರುಕಿನಲ್ಲಿ ಒಳಗಿನ ತಂತಿ ಕಾಣುತ್ತಿತ್ತು. ಮೇಲೆ ಲಾರಿ ತುಂಬ ನೆಲಕ್ಕೆ ಹಾಸುವ ಟೈಲ್ಸಿನ ಭಾರ. ಹೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಮೂಟೆ ಬಾಟಲಿಯನ್ನು ಬಂಕಿನ ಗೋಡೆಗೇ ಸುರಿದು, ಕೈಯನ್ನು ಚಡ್ಡಿಗೆ ಒರೆಸಿಕೊಂಡು, ಅದೇ ಕೈಯಲ್ಲಿ ಬ್ರೆಡ್ಡು ಹರಿದು ಬಾಯಿಗಿಟ್ಟ. ಕಡ್ಡಿಗೆ ಮೈಯೆಲ್ಲ ಉರಿಯಿತು. ಅವನ ಟೈರು, ಅವನ ಹಣೆಬರಹ. ಒಡೆದರೆ ನಡುಬಿಸಿಲಲ್ಲಿ ಜಾಕ್ ಹಾಕಿ ಸಾಯಲಿ, ಆಗಲಾದರೂ ಬುದ್ಧಿ ಬರುತ್ತದೆ ಎಂದುಕೊಂಡು ಕಂಡೂ ಕಾಣದವನಂತೆ ಮೇಲೆ ಹತ್ತಿದ. ದಿಂಬು ತಿರುಗಿಸಿ ಹಾಕಿ ಮಲಗಿದ. ಆ ಬಿಸಿಲನ್ನು ನೆನೆಸಿಕೊಂಡು ಒಳಗೊಳಗೇ ಖುಷಿಯೂ ಪಟ್ಟ.

ಗುಂಡು ಹಾರಿದಂಥ ಸದ್ದಿಗೆ ಎಚ್ಚರವಾಯಿತು. ಲಾರಿ ಓಲಾಡಿ, ಕಿರುಚಿ, ನಿಂತಿತು. ಹೊರಗೆ ಯಾರೋ ಕೂಗುತ್ತಿದ್ದರು. ಮೂಟೆ ಚಪ್ಪಲಿಯನ್ನೂ ಹಾಕದೆ ಧುಮುಕಿ ಓಡಿದ್ದ. ಕಡ್ಡಿ ಇಳಿದು ಮೊದಲು ನೋಡಿದ್ದು ಯಾವ ಕಡೆಯ ಟೈರು ಎಂಬುದನ್ನು. ಎಡಗಡೆ ಎಂದು ಕಂಡಾಗ, ಸದ್ಯ ಎನಿಸಿತು.

ಆಮೇಲಷ್ಟೇ ಅವನು ರಸ್ತೆಬದಿಯಲ್ಲಿ ಬಿದ್ದಿದ್ದ ಹಣ್ಣು ಮಾರುವ ಮುದುಕಿಯನ್ನು ನೋಡಿದ. ಸಂತೆಬೀದಿಯ ತಿರುವಿನಲ್ಲಿ ಹಣ್ಣಿನ ತಳ್ಳುಗಾಡಿ ಮಗುಚಿ ಬಿದ್ದಿತ್ತು. ಟೈರಿನಿಂದ ಕಿತ್ತು ಹಾರಿದ ತೋಳುದ್ದದ ರಬ್ಬರು ಪಟ್ಟಿ ಅವಳ ಮುಂಗೈಗೆ ಬಡಿದಿತ್ತು. ಕೈ ಬಾಗಬಾರದ ಕಡೆ ಬಾಗಿತ್ತು. ಮೂಟೆ ತನ್ನ ಕೊಳಕು ಅಂಗಿಯನ್ನೇ ಬಿಚ್ಚಿ, ಮಡಚಿ, ಆ ಕೈಗೆ ಆಸರೆ ಕಟ್ಟುತ್ತಿದ್ದ. "ಅಳಬೇಡ ಅವ್ವಾ, ಇಲ್ಲೇ ಇದೀನಿ" ಎನ್ನುತ್ತ ತಾನೇ ಅಳುತ್ತಿದ್ದ. ಸದ್ಯ ಎಂದುಕೊಂಡ ಆ ಒಂದು ಕ್ಷಣ ನೆನಪಾಗಿ ಕಡ್ಡಿಗೆ ತನ್ನ ಮೇಲೇ ಅಸಹ್ಯವಾಯಿತು.

ಆಸ್ಪತ್ರೆಯಲ್ಲಿ ಮೂಳೆ ಎರಡು ಕಡೆ ಮುರಿದಿದೆ ಎಂದರು. ಎರಡು ತಿಂಗಳು ಗಾಡಿ ತಳ್ಳುವಂತಿಲ್ಲ. ಡಾಕ್ಟರಮ್ಮ ಲಾರಿಯ ಜವಾಬ್ದಾರಿ ಯಾರದು ಎಂದು ಕೇಳಿದರು. ಬರಿಮೈಯಲ್ಲಿ ನಿಂತಿದ್ದ ಮೂಟೆ, "ನಂದು ಮೇಡಂ. ಎಡಗಡೆ ಟೈರು ನನ್ನ ಪಾಲಿಗೆ ಬರುತ್ತೆ. ಸವೆದಿತ್ತು, ಇನ್ನೊಂದು ಟ್ರಿಪ್ಪು ಬರ್ಲಿ, ಬದಲಾಯಿಸ್ತೀನಿ ಅಂತ ಮುಂದೂಡ್ದೆ. ಇವನದೇನೂ ತಪ್ಪಿಲ್ಲ, ಮಲಗಿದ್ದ" ಎಂದ.

ಕಡ್ಡಿ ಸುಮ್ಮನಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಲಾರಿ, ಗೆಳೆತನ, ಒಳ್ಳೆಯ ಹೆಸರು ಮೂರೂ ಉಳಿಯುತ್ತಿದ್ದವು. ಮಂಚದ ಮೇಲಿನ ಮುದುಕಿ ಅವನ ಇಸ್ತ್ರಿ ಅಂಗಿಯನ್ನು ನೋಡುತ್ತಿದ್ದಳು.

"ನಾನು ಆ ಟೈರು ನೋಡಿದ್ದೆ" ಎಂದ ಕಡ್ಡಿ. "ಬೆಳಿಗ್ಗೆ ಬಂಕಲ್ಲಿ. ತಂತಿ ಕಾಣ್ತಿತ್ತು. ಬೇಕು ಅಂತಾನೇ ಹೇಳ್ಲಿಲ್ಲ."

ಮೂಟೆ ಕೂಗಾಡಲಿಲ್ಲ. "ನೋಡಿದ್ಮೇಲೂ ಹೋಗಿ ಮಲಗಿದ್ಯಾ?" ಎಂದು ಕೇಳಿದ. ಕಡ್ಡಿ ತಲೆಯಾಡಿಸಿದ. "ನಾನು ನಾರ್ತೀನಿ, ನಿಜ. ನೀನು ಮೂಗು ಮುಚ್ಕೊಳ್ತಿದ್ದೆ. ಈಗ ನಾನು ಏನು ಮುಚ್ಕೊಳ್ಳಲೋ?" ಎಂದ ಮೂಟೆ. ಲೋಡು ಇಳಿಸಿದ ಮೇಲೆ ಲಾರಿ ಮಾರಿಬಿಡೋಣ, ನಿನ್ನ ಹಿಂದೆ ಇನ್ನು ಕಣ್ಣು ಮುಚ್ಚಿ ಮಲಗಲಾರೆ ಎಂದು ಹೇಳಿ ಗೋಡೆಯ ಕಡೆ ತಿರುಗಿದ.

ಮುದುಕಿ ಇಬ್ಬರ ಮಾತನ್ನೂ ಕೇಳಿಸಿಕೊಂಡಿದ್ದಳು. ನೋವಿನ ನಡುವೆಯೂ ಅವಳ ದನಿ ಗಟ್ಟಿಯಾಗಿತ್ತು.

"ಭಾಗ ಚೆನ್ನಾಗಿ ಮಾಡ್ಕೊಂಡಿದೀರಪ್ಪಾ. ನನ್ನ ಕೈ ಯಾರ ಭಾಗಕ್ಕೆ ಬರುತ್ತೆ?"

ಕಡ್ಡಿ ಆಸ್ಪತ್ರೆಯ ಹಣ ಕಟ್ಟಿ, ಅವಳ ಮನೆ ಎಲ್ಲಿ ಎಂದು ಕೇಳಿಕೊಂಡು ತಿರುವಿಗೆ ಬಂದ. ಗಾಡಿ ಎತ್ತಿ ನಿಲ್ಲಿಸಿದ. ಜಜ್ಜಿದ ಹಣ್ಣುಗಳ ಮೇಲೆ ನೊಣ ಕವಿದಿತ್ತು. ಬಿಸಿಲಿಗೆ ಅವು ಕೊಳೆತು ಹುಳಿನಾತ ಎದ್ದಿತ್ತು. ಮೂಗು ಮುರಿಯದೆ ಎರಡೂ ಕೈಯಲ್ಲಿ ಬಾಚಿ ತೆಗೆದು, ಚೆನ್ನಾಗಿದ್ದವನ್ನು ಆರಿಸಿ ಜೋಡಿಸಿದ. ರಸ ಮೊಣಕೈವರೆಗೆ ಇಳಿಯಿತು. ಗಾಡಿ ತಳ್ಳಿಕೊಂಡು ನಾಲ್ಕು ಬೀದಿ ನಡೆದ.

ಬಾಗಿಲು ತೆರೆದವಳು ಮುದುಕಿಯ ಸೊಸೆ. ಅತ್ತೆಯ ಗಾಡಿಯನ್ನು ಗುರುತಿಲ್ಲದವನು ತಂದದ್ದು ನೋಡಿ ಗಾಬರಿಯಾದಳು. ಅವರು ಆಸ್ಪತ್ರೆಯಲ್ಲಿದ್ದಾರೆ, ಕೈ ಮುರಿದಿದೆ, ಜೀವಕ್ಕೇನೂ ಭಯವಿಲ್ಲ, ತನ್ನ ಗೆಳೆಯ ಜೊತೆಗಿದ್ದಾನೆ ಎಂದು ಕಡ್ಡಿ ಹೇಳಿದ. ನೀವು ಯಾರು, ದಾರಿಹೋಕರೇ ಎಂದು ಅವಳು ಕೇಳಿದಳು.

"ಅಲ್ಲಮ್ಮ. ಲಾರಿ ನಮ್ದು. ಟೈರು ಒಡೆಯುತ್ತೆ ಅಂತ ನಂಗೆ ಗೊತ್ತಿತ್ತು, ಯಾರಿಗೂ ಹೇಳ್ಲಿಲ್ಲ. ಅವರು ಗಾಡಿ ತಳ್ಳೋವರೆಗೂ ಮನೆ ಖರ್ಚು ನಾನು ಕೊಡ್ತೀನಿ."

ಸೊಸೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹೇಸಿಗೆಯನ್ನು ಕಂಡವರ ನೋಟ ಅದು. ಎರಡು ವರ್ಷದಿಂದ ತಾನು ಮೂಟೆಯನ್ನು ನೋಡುತ್ತಿದ್ದದ್ದು ಹೀಗೆಯೇ ಎಂದು ಕಡ್ಡಿಗೆ ಗೊತ್ತಾಯಿತು. ಅವಳು ನೋಡಿ ಮುಗಿಸುವವರೆಗೂ ಅವನು ಅಲ್ಲಿಂದ ಕದಲಲಿಲ್ಲ.