ದ್ಯಾಮಿಯ ನುಡಿ

ಸೂಜಿಯ ತುದಿಗೆ ಅರಳೆಯ ಎಳೆಯೊಂದು ಸಿಕ್ಕಿಕೊಂಡಿತ್ತು. ನಮ್ಮ ಊರಿನಲ್ಲಿ ಗ್ರಾಮೊಫೋನ್ ತಟ್ಟೆಯನ್ನು ಯಾರೂ ತಡೆಯಿಲ್ಲದೆ ಕೇಳಿ ಮುಗಿಸಿದ್ದಿಲ್ಲ. ಎರಡು ಹಾಡಿಗೊಮ್ಮೆ ಸೂಜಿ ಎತ್ತಬೇಕು, ಉಫ್ ಎಂದು ಊದಬೇಕು, ಮತ್ತೆ ಇಡಬೇಕು. ಊರ ನಡುವೆ ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆ, ಜಿನ್ನು, ಇತ್ತು. ಅದರ ಅರಳೆ ಅನ್ನದಲ್ಲಿ, ಕಣ್ಣೆವೆಯಲ್ಲಿ, ಪುಸ್ತಕದ ಹಾಳೆಗಳ ನಡುವೆ, ಜಿನ್ನಿನಲ್ಲಿ ದುಡಿಯುವ ಹೆಂಗಸರ ಎದೆಯೊಳಗೆ ಕೂತಿರುತ್ತಿತ್ತು. ನಾವು ಸೂಜಿಯ ಮೇಲಿನದನ್ನು ಮಾತ್ರ ಊದಿ ತೆಗೆಯುತ್ತಿದ್ದೆವು.

ನಾವು ಎಂದರೆ ಓದುಬಳಗದವರು. ಸೈಕಲ್ ಅಂಗಡಿಯ ಮಾಳಿಗೆಯಲ್ಲಿ ಭಾನುವಾರಕ್ಕೊಮ್ಮೆ ಸೇರುವ ಹತ್ತು ಹನ್ನೆರಡು ಜನ. ಒಂದು ಸಾಲು ಓದಿದರೆ ಅದರ ಹಿಂದೆ ಯಾರು ನಿಂತಿದ್ದಾರೆ ಎಂದು ಕೇಳುವುದನ್ನು ನಮಗೆ ಕಲಿಸಿದವರು ವಾದಿರಾಜ ಮಾಸ್ತರರು. ಅದನ್ನು ನಾನು ಮರೆತಿಲ್ಲ. ಅವರ ಮೇಲಿನ ಸಿಟ್ಟನ್ನೂ ಮರೆತಿಲ್ಲ.

ತಟ್ಟೆಗಳನ್ನು ಬಳಗಕ್ಕೆ ಕೊಟ್ಟವರು ನಿವೃತ್ತ ರೈಲು ಚಾಲಕರೊಬ್ಬರು. ಎರಡು ತಟ್ಟೆಗಳ ಸಂಕಲನ ಅದು. ರಾಕ್ ಅಂಡ್ ರೋಲ್ ಇನ್ನೂ ಕಣ್ಣು ಬಿಡುತ್ತಿದ್ದ ಕಾಲದ ಹಾಡುಗಳು, ಅದಕ್ಕೂ ಹಿಂದಿನ ಬ್ಲೂಸ್, ಹಳ್ಳಿಗಾಡಿನ ಕಂಟ್ರಿ ಪದಗಳು. ಒಬ್ಬ ಕಾಲಿನಿಂದ ಹಲಗೆ ಬಡಿಯುತ್ತಿದ್ದ, ಇನ್ನೊಬ್ಬನ ಗಿಟಾರು ಹಲ್ಲುನೋವಿನಂತೆ ಗೊಣಗುತ್ತಿತ್ತು. ಮಾತು ನಮಗೆ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಆದರೆ ಇದರಲ್ಲಿ ಎಷ್ಟೋ ದನಿಗಳು ಹತ್ತಿಯ ಹೊಲದಲ್ಲಿ ಬೆನ್ನು ಬಾಗಿಸಿದವರವು ಎಂದು ಮಾಸ್ತರರು ಹೇಳಿದಾಗ ಎಲ್ಲರೂ ಗ್ರಾಮೊಫೋನಿನ ಹತ್ತಿರಕ್ಕೆ ಸರಿದರು. ಹತ್ತಿಯೆಂದರೇನು ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಹೊದಿಕೆಯ ಹಿಂಬದಿಯಲ್ಲಿ ಪ್ರತಿ ಹಾಡಿನ ಮುಂದೆ ಹಾಡಿದವರ ಹೆಸರಿತ್ತು. ಒಂದು ಬ್ಲೂಸ್ ಹಾಡಿನ ಮುಂದೆ ಮಾತ್ರ ‘ಹಾಡಿದವಳು: ಗೊತ್ತಿಲ್ಲ’ ಎಂದಿತ್ತು. ಅದರ ಕೆಳಗೆ, ಧ್ವನಿಮುದ್ರಣ ಮಾಡಿದವನ ಹೆಸರು ದಪ್ಪಕ್ಷರದಲ್ಲಿ.

ಮಾಸ್ತರರು ಮೇಜು ಗುದ್ದಿದರು. “ನೋಡ್ರಿ! ಪೆಟಗಿ ಹೊತ್ತವನ ಹೆಸರು ಗೊತ್ತದ, ಹಾಡಿದಾಕಿ ಹೆಸರು ಗೊತ್ತಿಲ್ಲಂತ! ನಿನ್ನ ಹೆಸರೇನವಾ ಅಂತ ಒಂದ್ ಮಾತು ಕೇಳಬೇಕಂತ ಅನಸಲಿಲ್ಲ ಅವಂಗ!”

ನಾನೂ ಸಿಟ್ಟಿಗೆದ್ದಿದ್ದೆ. ಆ ಸಿಟ್ಟಿನಲ್ಲೇ ನಮ್ಮದೂ ಒಂದು ಸಂಕಲನ ಹುಟ್ಟಿತು: ಜಿನ್ನಿನ ಹೆಂಗಸರ ಹಾಡುಗಳ ಕ್ಯಾಸೆಟ್. ಟೇಪ್ ರೆಕಾರ್ಡರ್ ನಡೆಸುವ ಕೆಲಸ ನನ್ನದು. ಅಕ್ಷರ ದುಂಡಗಿದ್ದುದರಿಂದ ಕ್ಯಾಸೆಟ್ಟಿಗೆ ಅಂಟಿಸುವ ಚೀಟಿ ಬರೆಯುವುದೂ ನನ್ನದೇ.

ಮೊದಲು ಹೋದದ್ದು ಹುಲಿಗೆವ್ವನ ಹತ್ತಿರ. ಅವಳು ನಮ್ಮ ಓಣಿಯವಳು, ನನ್ನ ಅವ್ವನ ಜೊತೆ ಇಪ್ಪತ್ತು ವರ್ಷ ಅದೇ ಜಿನ್ನಿನಲ್ಲಿ ಹತ್ತಿ ಆರಿಸಿದವಳು. ಅವಳ ಮಗಳು ದ್ಯಾಮಿ ಹದಿನೇಳನೆಯ ವಯಸ್ಸಿಗೆ ಯಂತ್ರ ತಿರುಗಿಸುವ ಪಟ್ಟಾಕ್ಕೆ ಸೆರಗು ಸಿಕ್ಕಿ ಸತ್ತಿದ್ದಳು. ಅದೇ ಮಧ್ಯಾಹ್ನ ಪಟ್ಟಾ ಒರೆಸಿ ಯಂತ್ರ ಶುರು ಮಾಡಿದ್ದರು. ‘ಕೆಲಸದಾಕೆಯ ನಿಷ್ಕಾಳಜಿ’ ಎಂದು ಕಚೇರಿಯ ಕಾಗದದಲ್ಲಿ ಬರೆದರು. ಆ ಕಾಗದದಲ್ಲೂ ದ್ಯಾಮಿ ಎಂಬ ಹೆಸರಿರಲಿಲ್ಲ, ಹಾಜರಿಯ ನಂಬರಿತ್ತು. ಹುಲಿಗೆವ್ವ ಹಾಡು ಕಟ್ಟಿದ್ದು ಅದಾದ ಮೇಲೆ.

“ಹಾಡ್ತೀನಿ,” ಎಂದಳು. “ಆದ್ರ ನಮ್ಮ ದ್ಯಾಮಿ ಹೆಸರು ಆ ಡಬ್ಬ್ಯಾಗ ಬರಬೇಕು ನೋಡ್ ತಮ್ಮಾ. ಎಲ್ಲೂ ಬರದಿಲ್ಲ ಅದು. ನನ್ನ ಎದಿ ಇನ್ನ ಭಾಳ ದಿನ ತಡಿಯಂಗಿಲ್ಲ. ನಾ ಹೋದಮ್ಯಾಲ ಆಕಿನ್ನ ಕರಿಯಾಕ ಒಂದ್ ದನಿ ಬೇಕು.”

“ಬರತೈತಿ ದೊಡ್ಡವ್ವಾ,” ಎಂದೆ ನಾನು. ಆ ಮಾತು ಹೇಳಿದ್ದು ಈ ಬಾಯಿ.

ಜಿನ್ನಿಗೆ ರಜೆಯಿದ್ದ ದಿನ ಹೆಂಗಸರೆಲ್ಲ ಮಾಳಿಗೆ ಹತ್ತಿ ಬಂದರು. ಅವರಲ್ಲೊಬ್ಬಳಾದ ಖಾಸಿಂಬಿ ರೆಕಾರ್ಡರಿನ ಸುತ್ತ ಒಂದು ಸುತ್ತು ಹಾಕಿ, “ಹುಷಾರಲೇ ಹುಲಿಗೀ, ದನಿ ಒಳಗ ಉಳದ್ರ ನಾಳಿ ಮುಕಾದಮನ್ನ ಬೈಯಾಕ ಏನ್ ಮಾಡ್ತಿ?” ಎಂದಳು.

“ನಿಂದ ಕಡಾ ತಗೊಂತೀನಿ ಬಿಡ. ನಿಂಗ ನಾಕ್ ಮಂದಿ ದನಿ ಐತಿ,” ಎಂದಳು ಹುಲಿಗೆವ್ವ.

ನಗು ಇಳಿದ ಮೇಲೆ ಹುಲಿಗೆವ್ವ ಹಾಡಿದಳು. ಅವಳು ಕಣ್ಣು ಮುಚ್ಚಿಕೊಂಡೇ ಹಾಡುವವಳು. ಹಾಡಿನ ಮೊದಲ ಚರಣ, ಅವರ ಮಾತಿನಲ್ಲಿ ನುಡಿ, ಬಿಳಿಯ ಹತ್ತಿಯಲ್ಲಿ ಕರಿಯ ಕಾಳು ಹುಡುಕುವ ಬೆರಳುಗಳದು. ಆಮೇಲೆ ಜಿನ್ನಿನ ಸೀಟಿಯ ನುಡಿ. ಪಟ್ಟಾದ ನುಡಿ. ಮಾಸ್ತರರು ನನ್ನ ಪಕ್ಕದಲ್ಲೇ ನಿಂತಿದ್ದರು.

ಹದಿನೈದು ದಿನಕ್ಕೆ ಕ್ಯಾಸೆಟ್ ಸಿದ್ಧವಾಯಿತು. ಕೇಳಲು ಅದೇ ಹೆಂಗಸರನ್ನು ಕರೆದೆವು. ತನ್ನ ದನಿ ಪೆಟ್ಟಿಗೆಯಿಂದ ಬಂದಾಗ ಹುಲಿಗೆವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು, ಯಾರೋ ದೊಡ್ಡವರು ಮನೆಗೆ ಬಂದಂತೆ. ಒಂದೊಂದು ನುಡಿಗೂ ತುಟಿ ಆಡಿಸುತ್ತಿದ್ದಳು. ಪಟ್ಟಾದ ನುಡಿ ಮುಗಿಯಿತು. ಟಕ್ ಎಂದಿತು. ಮುಂದೆ ಖಾಸಿಂಬಿಯ ಬೀಸುಕಲ್ಲಿನ ಪದ ಶುರುವಾಯಿತು.

“ತಡಿ ತಮ್ಮಾ,” ಎಂದಳು. “ಇನ್ನೂ ಐತಿ.”

ನಾನು ತಲೆ ತಗ್ಗಿಸಿದೆ. ಇತ್ತು. ಇದ್ದದ್ದು ನನಗೆ ಗೊತ್ತಿತ್ತು. ಅಂದು ದ್ಯಾಮಿಯ ನುಡಿಗೆ ಮುಂಚೆ ಮಾಸ್ತರರು ಬೆರಳು ಎತ್ತಿದ್ದರು, ನಾನು ಗುಂಡಿ ಒತ್ತಿದ್ದೆ. ಅವಳು ಕಣ್ಣು ಮುಚ್ಚಿ, ತಿರುಗದ ಟೇಪಿನ ಮುಂದೆ, ಮಗಳನ್ನು ಕೊನೆಯವರೆಗೂ ಕರೆದಿದ್ದಳು.

“ಹುಲಿಗೆವ್ವಾ, ತಿಳಕೋ,” ಮಾಸ್ತರರ ದನಿ ಮೆತ್ತಗಿತ್ತು. “ಒಬ್ಬರ ಹೆಸರು ಬಂತಂದ್ರ ಅದು ಒಬ್ಬರ ಅಳು ಆಗ್ತದ. ಹೆಸರಿಲ್ಲಂದ್ರ ಎಲ್ಲಾ ದುಡಿಯೋರ ಹಾಡು ಆಗ್ತದ. ಇದನ್ನ ಕಟ್ಟಿದವರು ಜನ.”

ಹುಲಿಗೆವ್ವ ಎದ್ದು ನಿಂತಳು. “ಜನಾ ಅಂದ್ರ ಯಾರ್ರೀ ಮಾಸ್ತರ? ಅವತ್ತ ಪಟ್ಟಾಕ್ಕ ಸಿಕ್ಕದ್ದು ಜನಾ ಅಲ್ಲ. ನನ್ನ ಮಗಳು.”

ಅವಳು ಅಲ್ಲೇ ನಿಂತು ಆ ನುಡಿ ಎತ್ತಿಕೊಂಡಳು:

ಸೀಟಿ ಹೊಡದಾಗ ಉಣ್ಣಾಕ ಬರತೀನಂದಿ
ರೊಟ್ಟಿ ಆರ್ಯಾವ, ದ್ಯಾಮಿ, ಎಲ್ಲಿ ಕುಂತಿ

ಎರಡನೆಯ ಸಾಲಿನ ನಡುವೆ ಕೆಮ್ಮು ಬಂತು. ಎದೆ ಹಿಡಿದುಕೊಂಡು ಬಾಗಿದಳು. ಉಳಿದ ಸಾಲನ್ನು ಖಾಸಿಂಬಿ ಹಾಡಿದಳು, ಅವಳ ಹಿಂದೆ ಉಳಿದವರು. ಇಡೀ ಮಾಳಿಗೆಯಲ್ಲಿ ದ್ಯಾಮಿ ಎಂಬ ಹೆಸರು. ಆಗ ಕೂಡ ನಾನು ರೆಕಾರ್ಡರಿನ ಗುಂಡಿಗೆ ಕೈ ಹಾಕಲಿಲ್ಲ. ಮಾಸ್ತರರ ಮುಖ ನೋಡುತ್ತಿದ್ದೆ.

ಹೆಂಗಸರೆಲ್ಲ ಇಳಿದು ಹೋದ ಮೇಲೆ ಮಾಸ್ತರರಿಗೆ ಚೀಟಿ ತೋರಿಸಿ ಕೇಳಿದೆ. ಅದರಲ್ಲಿ ನನ್ನದೇ ದುಂಡಕ್ಷರ: ‘ರಚನೆ: ಜನ. ಹಾಡಿದವರು: ಜಿನ್ನಿನ ಮಹಿಳೆಯರು. ಸಂಪಾದಕರು: ವಾದಿರಾಜ.’

“ಜನರೊಳಗ ನೀವು ಬರೂದಿಲ್ಲೇನ್ರೀ ಮಾಸ್ತರ? ನಿಮ್ಮ ಹೆಸರು ಯಾಕ ಉಳೀತು?”

“ಜವಾಬ್ದಾರಿ ಅಂತ ಯಾರದರ ಇರಬೇಕಲ್ಲೋ.”

ಮೂಲೆಯಲ್ಲಿ ಆ ಹಳೆಯ ತಟ್ಟೆಯ ಹೊದಿಕೆ ಕವುಚಿ ಬಿದ್ದಿತ್ತು. ‘ಗೊತ್ತಿಲ್ಲ’ ಎಂದು ಬರೆದವನು ಬಹುಶಃ ನಿಜವನ್ನೇ ಬರೆದಿದ್ದ. ನಮಗೆ ಗೊತ್ತಿತ್ತು. ಹುಲಿಗೆವ್ವನ ಮನೆಯ ರೊಟ್ಟಿ ತಿಂದು ಬೆಳೆದ ನನಗೆ ಗೊತ್ತಿತ್ತು.

ಮರುದಿನ ರೆಕಾರ್ಡರ್ ಹೊತ್ತು ಅವಳ ಮನೆಗೆ ಹೋದೆ. ಹುಲಿಗೆವ್ವ ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಇನ್ನೊಮ್ಮೆ ಹಾಡು ದೊಡ್ಡವ್ವಾ. ಪೂರಾ ತಗೊಂತೀನಿ.”

“ದನಿ ಇಲ್ಲಪ್ಪಾ. ಇದ್ದಾಗ ನೀ ಬಂದ್ ಮಾಡೀದಿ.” ಮೊರದಿಂದ ಒಂದು ಕಲ್ಲು ಎತ್ತಿ ಹೊರಗೆಸೆದಳು. “ಉಂಡೀಯೇನು?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಬಳಗಕ್ಕೆ ನಾನು ಮತ್ತೆ ಕಾಲಿಡಲಿಲ್ಲ. ಕ್ಯಾಸೆಟ್ಟು ಮಾತ್ರ ಊರೂರು ಸುತ್ತಿತು. ಜನರ ದನಿ ಎಂದು ಸಭೆಗಳಲ್ಲಿ ಹೊಗಳಿದರು, ಮಾಸ್ತರರಿಗೆ ಹಾರ ಹಾಕಿದರು. ಹುಲಿಗೆವ್ವ ಮುಂದಿನ ಹತ್ತಿ ಸುಗ್ಗಿ ನೋಡಲಿಲ್ಲ.

ನನ್ನ ಬಳಿ ಒಂದು ಪ್ರತಿ ಉಳಿದಿದೆ. ಚೀಟಿ ಕಿತ್ತು ಬೇರೆ ಬರೆದಿದ್ದೇನೆ, ಎರಡು ಹೆಸರು, ತಾಯಿಯದು ಮತ್ತು ಮಗಳದು. ಅದರಿಂದ ಟೇಪಿನೊಳಗೆ ಏನೂ ಬದಲಾಗಿಲ್ಲ. ಪಟ್ಟಾದ ನುಡಿ ಮುಗಿಯುತ್ತದೆ. ಆಮೇಲೆ, ಕಿವಿಗೊಟ್ಟರೆ ಮಾತ್ರ ಕೇಳುವಷ್ಟು, ಹುಲಿಗೆವ್ವ ಮುಂದಿನ ನುಡಿಗೆ ಉಸಿರು ಎಳೆದುಕೊಳ್ಳುತ್ತಾಳೆ. ಅರಳೆ ತುಂಬಿದ ಎದೆ ಗರಗರ ಎನ್ನುತ್ತದೆ, ಸೂಜಿಗೆ ಎಳೆ ಸಿಕ್ಕಿಕೊಂಡಂತೆ. ಆಮೇಲೆ ನನ್ನ ಬೆರಳು. ಟಕ್.