ಕಣದ ಬಾಯಿಗಿಟ್ಟ ಮುಳ್ಳು

ಸಂಕ್ರಾಂತಿ ಕಳೆದ ವಾರ, ಬಿಸಿಲು ಇಳಿಯುವ ಹೊತ್ತು. ಕೊಳಾಲದ ಆಚೆಗಿನ ಹಳ್ಳಿಯಲ್ಲಿ ಪಾಪಕ್ಕ ಜಗಲಿಗೊರಗಿ ತೂಕಡಿಸುತ್ತಿದ್ದಳು. ಅರೆನಿದ್ದೆಯಲ್ಲಿ ಮಕ್ಕಳ ಕೂಗಾಟ ಕೇಳಿತು. ಹುಲ್ಲಿನ ಘಮ, ಕಾಲಡಿಯ ಬೆಚ್ಚನೆ ದೂಳು, ಮುಟ್ಟಿ ಓಡುವವರ ನಗು. ತಾನೂ ಲಂಗ ಎತ್ತಿಕಟ್ಟಿ ಓಡಿದಳು. ಕಣ್ಣು ಬಿಟ್ಟರೆ ಬೀದಿ ಮಕ್ಕಳಿಲ್ಲದೆ ಬಿಕೋ ಎನ್ನುತ್ತಿತ್ತು. ಕೂಗಾಟ ಬರುತ್ತಿದ್ದದ್ದು ಮೊಮ್ಮಗಳು ಅನುಷಾಳ ಕೈಯಲ್ಲಿದ್ದ ಮೊಬೈಲಿನಿಂದ. ಯಾವ ಊರಿನ ಮಕ್ಕಳೋ, ಅದರೊಳಗೆ ಓಡುತ್ತಿದ್ದವು.

ಅನುಷಾಗೆ ಒಂಬತ್ತು ವರ್ಷ. ಶಾಲೆಯ ಓಟದಲ್ಲಿ ಅರ್ಧಕ್ಕೇ ಏದುಸಿರು ಬಿಡುತ್ತಾ ಕೂತುಬಿಟ್ಟಿದ್ದಳು. ಜೊತೆಯವರು ‘ಅಜ್ಜಿ’ ಎಂದು ನಕ್ಕರಂತೆ. ಅವತ್ತಿಂದ ಆಟದ ಪೀರಿಯಡ್ ಬಂದರೆ ಹೊಟ್ಟೆನೋವು. ಪಾಪಕ್ಕನಿಗೆ ಅದೇ ಕೊರಗು.

ಆ ದಾರಿಯಲ್ಲಿ ಬಂದ ಆಶಾ ಕಾರ್ಯಕರ್ತೆ ಲೋಹಿತಾಳ ಮುಂದೆ ಹೇಳಿಕೊಂಡಳು. ಡಾಕ್ಟರು ರೋಗವೇನೂ ಇಲ್ಲ, ಆಡಲು ಬಿಡಿ ಎಂದಿದ್ದರು. ಮೊಬೈಲು ಕಿತ್ತಿಟ್ಟರೆ ಗೋಡೆ ನೋಡುತ್ತಾ ಕೂರುತ್ತಾಳೆ ಎಂದಳು.

“ಎಲ್ಲಿ ಆಡ್ಲಿ ಅಂತೀಯ?” ಅಂದಳು ಲೋಹಿತಾ.

“ಯಾಕೆ, ನಾವು ಆಡ್ಲಿಲ್ವಾ?”

“ಮನೆ ಮುಂದೆ ನೋಡು, ಬೈಕು, ಟಿಪ್ಪರು. ಸಾಲ್ದು ಅಂತ ರಾಗಿ ತೆನೆ ಬೇರೆ ರಸ್ತೆಗೆ ಹರಡಿದ್ದೀರ. ಹಿತ್ತಲ ಕಣಕ್ಕೆ ಜಾಲಿಮುಳ್ಳು ಇಟ್ಟೋರ್ಯಾರು?”

ಇಟ್ಟವಳು ಪಾಪಕ್ಕನೇ. ತೆನೆ ಒಕ್ಕುವ ಕಣವೆಂದರೆ ಲಕ್ಷ್ಮಿ, ಕಂಡಕಂಡ ಕಾಲು ತಾಗಬಾರದೆಂದು ವರ್ಷವರ್ಷವೂ ಹೊಸ ಮುಳ್ಳು. ಆದರೆ ರಸ್ತೆಗೆ ಟಾರು ಬಂದ ಮೇಲೆ ಅವಳ ಮನೆಯ ತೆನೆಯೂ ಗಾಡಿ ಚಕ್ರದಡಿಯೇ ಒಕ್ಕಣೆ. ಕಣಕ್ಕೆ ಸಗಣಿ ಬಳಿದು ಎಷ್ಟೋ ಕಾಲವಾಗಿತ್ತು.

“ಮಕ್ಳು ತುಳುದ್ರೆ ಮೈಲಿಗೆ ಅಲ್ವೇನಮ್ಮ?”

“ರಾಗೀನ ಟಿಪ್ಪರ್ ತುಳೀಬೋದು, ಕಣದ ಮಣ್ಣನ್ನ ಮಕ್ಳು ತುಳೀಬಾರ್ದು. ಚೆನ್ನಾಗೈತೆ ಬುಡು ನಿನ್ನ ಲಕ್ಷ್ಮಿ.”

ಪಾಪಕ್ಕನಿಗೆ ನಗುವೂ ಬಂತು, ಒಳಗೆ ಚುರುಕ್ಕೂ ಅಂದಿತು. ಬೆಳೆಯುವ ಮಕ್ಕಳಿಗೆ ದಿನಕ್ಕೊಂದು ಗಂಟೆಯಾದರೂ ಮೈ ಬೆವರುವ ಆಟ ಬೇಕೆಂದು ಲೋಹಿತಾ ಬಿಡಿಸಿ ಹೇಳಿದಳು. ಮನೆ ಹತ್ತಿರ, ಗಾಡಿ ಬಾರದ, ದೊಡ್ಡವರ ಕಣ್ಣಿಗೆ ಬೀಳುವ ಜಾಗವಿದ್ದರೆ ಮಕ್ಕಳು ತಾವೇ ಈಚೆ ಬರುತ್ತವೆ. ಬೈಗುಳಕ್ಕೆ ಬರುವುದಿಲ್ಲ.

ಕಣದಲ್ಲಿ ಪಕ್ಕದ ಮನೆಯ ಪೆದ್ದಣ್ಣನಿಗೂ ಪಾಲಿತ್ತು. ಮುಳ್ಳು ತೆಗೆಯೋಣವೆಂದು ಪಾಪಕ್ಕ ಕೇಳಿದಾಗ, ಮುಂದಿನ ಸುಗ್ಗಿಗೆ ಕಣ ಬೇಕಾದರೆ ಗತಿಯೇನೆಂದು ಅವನು ಗೊಣಗಿದ.

“ಸುಗ್ಗೀಲಿ ರಾಗಿಗೆ, ಮಿಕ್ಕ ದಿನ ಮಕ್ಳಿಗೆ ಕಣ್ಲಾ,” ಅಂದಳು ಪಾಪಕ್ಕ. ಭಾನುವಾರ ಸಂಜೆ ಇಬ್ಬರೂ ಸೇರಿ ಮುಳ್ಳು ಎಳೆದರು. ನೆಲ ಇನ್ನೂ ಬೆಚ್ಚಗಿತ್ತು. ಬೀದಿಯ ಮಕ್ಕಳು ಗುಬ್ಬಿಗಳ ಹಾಗೆ ಒಂದೊಂದೇ ಬಂದಿಳಿದವು.

ಅಕ್ಕಂದಿರೇ, ಅಣ್ಣಂದಿರೇ, ಮಗುವಿನ ಕೈಯಿಂದ ಮೊಬೈಲು ಕಸಿಯುವ ಮೊದಲು ಮನೆಯ ಸುತ್ತ ಒಮ್ಮೆ ಕಣ್ಣಾಡಿಸಿ. ಸುಮ್ಮನೆ ಮುಚ್ಚಿಟ್ಟ ಜಾಗವಿದ್ದರೆ ತೆರೆಯಿರಿ. ಬೀದಿಯಲ್ಲಿ ಗಾಡಿ ಮೆಲ್ಲಗೆ ಓಡಿಸಿ. ಸಂಜೆ ಒಬ್ಬರಾದರೂ ಮಕ್ಕಳ ಬಳಿ ಕೂತಿರಿ. ತೆರೆದ ದಿನವೇ ಮಗು ಓಡೀತೆಂದು ಮಾತ್ರ ಆತುರಪಡಬೇಡಿ. ಅನುಷಾ ಭಾನುವಾರ ಜಗಲಿ ಬಿಟ್ಟು ಏಳಲಿಲ್ಲ. ಸೋಮವಾರ ಕಣದ ಅಂಚಿಗೆ ಬಂದು ನಿಂತಳು. ಮಂಗಳವಾರ ಸಂಜೆ ಮೊಬೈಲನ್ನು ಅಜ್ಜಿಯ ಮಡಿಲಿಗಿಟ್ಟು, “ಇಟ್ಕೊಂಡಿರು” ಅಂದು ಕಣದ ಕಡೆ ಹೊರಟುಹೋದಳು.